ಆಸ್ಫೋಟನ ಅಲೆಗಳ ಗಣಿತೀಯ ಅಸ್ತಿತ್ವ

ಡಿಟೊನೇಶನ್ ಎಂದೇ ಹೆಚ್ಚು ಬಳಕೆಯಲ್ಲಿರುವ ಆಸ್ಫೋಟನ ಅಲೆ, ಉರಿಯಬಲ್ಲ ವಸ್ತುವಿನೊಳಗೆ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಉರಿ. ಮುಂದೆ ಆಘಾತ ಅಲೆ, ಅದರ ಬೆನ್ನಿಗೆ ರಾಸಾಯನಿಕ ಕ್ರಿಯೆ. ಆಘಾತವು ವಸ್ತುವನ್ನು ಅದುಮಿ ಕಾಯಿಸುತ್ತದೆ; ಕಾದ ವಸ್ತು ಉರಿದು ಬಿಟ್ಟ ಶಕ್ತಿ ಆಘಾತವನ್ನು ಕುಂದಗೊಡದೆ ಮುಂದಕ್ಕೆ ತಳ್ಳುತ್ತದೆ. ಕೊಳವೆಯೊಳಗಿನ ಅನಿಲದಲ್ಲಿ ಇಂಥ ಅಲೆ ಇದೆಯೆಂದು ಫ್ರಾನ್ಸಿನಲ್ಲಿ ಬರ್ತೆಲೊ ಮತ್ತು ವಿಯೇ, ಮಲಾರ್ ಮತ್ತು ಲ ಶಾತೆಲಿಯೆ 1881ರ ಸುಮಾರಿಗೆ ಕಂಡುಕೊಂಡರು. ಆದರೆ ಅನಿಲದ ಚಲನೆ, ಸ್ನಿಗ್ಧತೆ, ಶಾಖವಹನ, ದಹನದ ದರ ಎಲ್ಲವನ್ನೂ ಸೇರಿಸಿ ಬರೆದ ಸಮೀಕರಣಗಳಿಗೆ ಈ ಅಲೆ ಒಂದು ಪರಿಹಾರವಾಗಿ ನಿಜಕ್ಕೂ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಕಣ್ಣಿಗೆ ಕಂಡದ್ದು ಸಮೀಕರಣದಲ್ಲೂ ಇದ್ದೇ ಇರುತ್ತದೆ ಎಂದು ಹೇಳಲು ಬರುವುದಿಲ್ಲ. ಸಿಗದಿದ್ದರೆ ದೋಷ ನಮ್ಮ ಸಮೀಕರಣದ್ದು, ಅದನ್ನು ತಿಳಿಯುವುದಕ್ಕೂ ಸಾಧನೆಯೇ, ಅಂದರೆ ಗಣಿತದ ರುಜುವಾತೇ ಬೇಕು.

ಬತ್ತಿಯ ಉರಿ, ಮದ್ದಿನ ಉರಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಬಾವಿ ತೋಡುವಾಗ ಕಲ್ಲು ಅಡ್ಡ ಬಂದರೆ ಸುರಂಗ ಹಾರಿಸುತ್ತಾರೆ. ಕಲ್ಲಿಗೆ ತೂತು ಹೊಡೆದು, ಮದ್ದು ತುಂಬಿ, ಮದ್ದನ್ನು ಸಿಡಿಸುವ ಕೇಪಿಗೆ ಬತ್ತಿ ಸಿಕ್ಕಿಸಿ, ಬಾಯಿಗೆ ಮಣ್ಣು ಗಿಡಿದು ಬತ್ತಿ ಹಚ್ಚುತ್ತಾರೆ. ಹಚ್ಚಿದವನು ಮೇಲೆ ಹತ್ತಿ ಬಂದು ದೂರ ಹೋಗಿ ನಿಲ್ಲುವಷ್ಟು ಹೊತ್ತು ಸಿಗುತ್ತದೆ, ಏಕೆಂದರೆ ಸೇಫ್ಟಿ ಫ್ಯೂಸ್ ಸೆಕೆಂಡಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಮಾತ್ರ ಉರಿಯುತ್ತದೆ. ಕಿಡಿ ಕೇಪನ್ನು ಮುಟ್ಟಿದ ಮೇಲೆ ಲೆಕ್ಕವೇ ಬದಲು. 94 ಪಾಲು ಅಮೋನಿಯಂ ನೈಟ್ರೇಟಿಗೆ 6 ಪಾಲು ಡೀಸೆಲ್ ಬೆರೆಸಿದ ಕ್ವಾರಿಯ ಮದ್ದಿನಲ್ಲಿ ಅಲೆ ಸೆಕೆಂಡಿಗೆ 3,000ದಿಂದ 4,000 ಮೀಟರ್ ಓಡುತ್ತದೆ. ತೂತು ಅಗಲವಾದಷ್ಟೂ ವೇಗ ಹೆಚ್ಚು. ಇದು ಶಾಖದ ಹೆಚ್ಚಳದಿಂದ ಆದದ್ದಲ್ಲ. ಒಂದು ಕಿಲೋ ಒಣ ಕಟ್ಟಿಗೆ ಉರಿದು ಕೊಡುವ ಶಾಖ ಒಂದು ಕಿಲೋ ಮದ್ದಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಕಲ್ಲನ್ನು ಸೀಳುವುದು ಆ ಶಾಖ ಬಿಡುಗಡೆಯಾಗುವ ವೇಗ.

ಅದೇ ವೇಗ ಎಚ್ಚರ ತಪ್ಪಿದಾಗ ಏನು ಮಾಡುತ್ತದೆ ಎಂಬುದನ್ನು ಕರ್ನಾಟಕ ಮರೆತಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕ್ವಾರಿಗೆಂದು ತಂದಿದ್ದ ಸ್ಫೋಟಕ ಸಿಡಿದು ಹಲವರು ಸತ್ತರು. ನೆಲ ನಡುಗಿದ್ದು ಚಿಕ್ಕಮಗಳೂರು ಜಿಲ್ಲೆಯವರೆಗೆ ತಿಳಿಯಿತು, ಜನ ಮೊದಲು ಭೂಕಂಪವೆಂದೇ ಹೊರಗೆ ಓಡಿಬಂದರು.

ಬತ್ತಿಯ ನಿಧಾನದ ಉರಿಯನ್ನೂ ಮದ್ದಿನ ಅಲೆಯನ್ನೂ ಒಂದೇ ಸಮೀಕರಣ ವ್ಯವಸ್ಥೆ ಒಳಗೊಳ್ಳಬೇಕು. ಗಣಿತದ ಮಾದರಿಗಳು ಹೆಚ್ಚಾಗಿ ಅನಿಲವನ್ನು ಕುರಿತವು. ಕಷ್ಟ ಮಾತ್ರ ಅನಿಲದಲ್ಲೂ ಮದ್ದಿನಲ್ಲೂ ಒಂದೇ.

ಬೀಜಗಣಿತ ಹೇಳುವಷ್ಟು

ಅಲೆಯ ಮುಂದಿನ ಉರಿಯದ ಸ್ಥಿತಿ, ಹಿಂದಿನ ಉರಿದ ಸ್ಥಿತಿ ಇವೆರಡರ ನಡುವೆ ದ್ರವ್ಯ, ಸಂವೇಗ, ಶಕ್ತಿ ಉಳಿಯಬೇಕು. ಒತ್ತಡ ಮತ್ತು ಗಾತ್ರದ ನಕ್ಷೆಯಲ್ಲಿ ಮೊದಲ ಎರಡು ನಿಯಮ ಸೇರಿ ಒಂದು ಸರಳರೇಖೆಯಾಗುತ್ತವೆ. ಅಲೆಯ ವೇಗ ಹೆಚ್ಚಿದಷ್ಟೂ ರೇಖೆ ಕಡಿದಾಗುತ್ತದೆ. ಮೂರನೆಯದು ಹ್ಯೂಗೋನಿಯೊ ವಕ್ರರೇಖೆ. ವೇಗ ಸಾಲದಿದ್ದರೆ ಇವು ಕೂಡುವುದೇ ಇಲ್ಲ. ಸಾಕಷ್ಟಿದ್ದರೆ ಎರಡು ಕಡೆ ಕೂಡುತ್ತವೆ: ಮೇಲಿನದು ಪ್ರಬಲ ಆಸ್ಫೋಟನ, ಕೆಳಗಿನದು ದುರ್ಬಲ ಆಸ್ಫೋಟನ. ನಡುವೆ, ರೇಖೆ ವಕ್ರವನ್ನು ಸವರಿಕೊಂಡು ಹೋಗುವ ಒಂದೇ ಒಂದು ವೇಗವಿದೆ. ಇಂಗ್ಲೆಂಡಿನ ಚಾಪ್ಮನ್ 1899ರಲ್ಲಿ, ಫ್ರಾನ್ಸಿನ ಜೂಗೆ 1905ರ ಸುಮಾರಿಗೆ ಹಿಡಿದದ್ದು ಇದನ್ನೇ. ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಮ್ಲಜನಕ ಬೆರೆಸಿದರೆ ವಾತಾವರಣದ ಒತ್ತಡದಲ್ಲಿ ಈ ಲೆಕ್ಕ ಸೆಕೆಂಡಿಗೆ ಸುಮಾರು 2,840 ಮೀಟರ್ ಎನ್ನುತ್ತದೆ. ಅಳತೆಯೂ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ದಹನ ಹೇಗೆ ನಡೆಯುತ್ತದೆ ಎಂಬ ಒಂದು ಮಾತೂ ಇಲ್ಲದ ಲೆಕ್ಕ ಇಷ್ಟು ಸರಿಯಾಗಿ ಬರುವುದು ನಿಜವಾಗಿ ಬೆರಗಿನ ಸಂಗತಿ.

ಆದರೂ ಇದು ಹೊಳೆಯ ಎರಡು ದಂಡೆ ತೋರಿಸಿದ ಹಾಗೆ. ದಾಟುವ ದಾರಿ ಇದೆಯೇ ಎಂಬುದು ಇಲ್ಲಿಲ್ಲ. ಯುದ್ಧಕಾಲದಲ್ಲಿ ಝೆಲ್ಡೊವಿಚ್ (1940), ವಾನ್ ನಾಯ್ಮನ್ (1942), ಡೋರಿಂಗ್ (1943) ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಉತ್ತರ ಕೊಟ್ಟರು. ಸ್ನಿಗ್ಧತೆಯನ್ನು ಬಿಟ್ಟರೆ, ಅನಿಲ ಮೊದಲು ಉರಿಯದೆಯೇ ಆಘಾತದಿಂದ ಒತ್ತಡದ ತುತ್ತತುದಿಗೆ ನೆಗೆಯುತ್ತದೆ. ಆಮೇಲೆ ಉರಿಯುತ್ತ ಅದೇ ಸರಳರೇಖೆಯ ಮೇಲೆ ಜಾರಿ ಪ್ರಬಲ ಬಿಂದುವಿಗೆ ಬಂದು ನಿಲ್ಲುತ್ತದೆ. ಕ್ರಿಯೆ ಉದ್ದಕ್ಕೂ ಶಾಖವನ್ನೇ ಕೊಡುತ್ತಿದ್ದರೆ ದುರ್ಬಲ ಬಿಂದುವಿಗೆ ಈ ದಾರಿಯಿಂದ ಹೋಗಲಾಗದು.

ಅಸ್ತಿತ್ವದ ಸಾಧನೆ

ಸ್ನಿಗ್ಧತೆಯನ್ನು ಸೇರಿಸಿದೊಡನೆ ನೆಗೆತ ಹೋಗಿ ಕಡಿದಾದ ಏರು ಬರುತ್ತದೆ. ಅಲೆಯ ಜೊತೆಗೇ ಓಡುತ್ತ ನೋಡಿದರೆ ಅದರ ಆಕಾರ ಕಾಲಕ್ಕೆ ಬದಲಾಗದು. ಆಗ ಆಂಶಿಕ ಅವಕಲ ಸಮೀಕರಣಗಳು ಸಾಮಾನ್ಯ ಅವಕಲ ಸಮೀಕರಣಗಳಾಗುತ್ತವೆ. ಉರಿಯದ ಸ್ಥಿತಿ, ಉರಿದ ಸ್ಥಿತಿ ಎಂಬ ಎರಡು ಸ್ಥಿರಬಿಂದುಗಳನ್ನು ಕೂಡಿಸುವ ಪಥವೊಂದು ಇದೆಯೆಂದು ತೋರಿಸಿದರೆ ಅಲೆ ಇದೆಯೆಂದು ತೋರಿಸಿದಂತೆ.

ಆಂಡ್ರ್ಯೂ ಮಜ್ದಾ 1981ರಲ್ಲಿ ಈ ಪ್ರಶ್ನೆಯನ್ನು ಅದರ ಎಲುಬಿಗೆ ಇಳಿಸಿದರು. ಅವರ ಮಾದರಿಯಲ್ಲಿ ಎರಡೇ ಅಜ್ಞಾತಗಳು: ಒತ್ತಡ, ವೇಗ, ತಾಪ ಎಲ್ಲದರ ಬದಲಿಗೆ ನಿಲ್ಲುವ ಒಂದು ರಾಶಿ ಮತ್ತು ಇನ್ನೂ ಉರಿಯದೆ ಉಳಿದ ಇಂಧನದ ಪಾಲು. ಪಥವನ್ನು ಉರಿಯದ ತುದಿಯಿಂದ ಹಿಂದಕ್ಕೆ ಹಿಡಿದು ನಡೆದರೆ ಸಂಗತಿ ಬಿಚ್ಚಿಕೊಳ್ಳುತ್ತದೆ. ಈ ದಿಕ್ಕಿನಲ್ಲಿ ಪ್ರಬಲ ಬಿಂದು ತಗ್ಗಿನ ಕೆರೆಯಿದ್ದಂತೆ, ಸುತ್ತಲಿನ ನೀರೆಲ್ಲ ಅಲ್ಲಿಗೇ ಹರಿಯುತ್ತದೆ. ದುರ್ಬಲ ಬಿಂದು ಹಾಗಲ್ಲ. ಅದು ಎರಡು ಗುಡ್ಡಗಳ ನಡುವಿನ ತಡಿ; ಒಂದೇ ಗೆರೆ ಹಿಡಿದು ಬಿಟ್ಟ ಗೋಲಿ ಅಲ್ಲಿ ನಿಂತೀತು, ಕೂದಲೆಳೆಯಷ್ಟು ಸರಿದರೂ ಉರುಳಿ ಹೋಗುತ್ತದೆ. ಆದ್ದರಿಂದ ಪ್ರಬಲ ಅಲೆಗೆ ವೇಗಗಳ ಒಂದು ಹರವೇ ಒದಗುತ್ತದೆ, ದುರ್ಬಲ ಅಲೆಗೆ ಆಯ್ದ ಬೆಲೆಗಳು ಮಾತ್ರ. ಸ್ನಿಗ್ಧತೆ ಮತ್ತು ದಹನದರ ಸಾಕಷ್ಟು ದೊಡ್ಡವಾಗಿದ್ದಾಗ, ಗೊತ್ತಾದ ವೇಗವೊಂದಕ್ಕೆ ದಹನದ ಶಾಖ ನಿರ್ಣಾಯಕ ಬೆಲೆಗಿಂತ ಕಡಿಮೆಯಿದ್ದರೆ ಪ್ರಬಲ ಅಲೆ, ಸರಿಯಾಗಿ ಅಷ್ಟೇ ಇದ್ದರೆ ದುರ್ಬಲ ಅಲೆ. ಮೀರಿದರೆ ಬೀಜಗಣಿತ ಒಪ್ಪಿದರೂ ಅಲೆಯೇ ಇಲ್ಲ. ದಂಡೆ ಇದ್ದೂ ದಾರಿ ಇಲ್ಲದ ಈ ಕೊನೆಯ ಸಂದರ್ಭಕ್ಕಾಗಿಯೇ ಅಸ್ತಿತ್ವದ ಸಾಧನೆಗೆ ಇಷ್ಟು ಬೆಲೆ.

ಪೂರ್ಣ ಸಮೀಕರಣಗಳನ್ನು 1983ರಲ್ಲಿ ರಾಬರ್ಟ್ ಗಾರ್ಡ್ನರ್ ಕೈಗೆತ್ತಿಕೊಂಡರು. ಅಲ್ಲಿ ಪಥ ಇರುವುದು ನಾಲ್ಕು ಆಯಾಮಗಳಲ್ಲಿ, ಕಣ್ಣಳತೆಗೆ ಸಿಗದು. ಕಾನ್ಲಿ ಸೂಚ್ಯಂಕವೆಂಬ ಸಂಸ್ಥಿತಿಶಾಸ್ತ್ರದ ಸಾಧನದಿಂದ, ಪಥದ ಸೂತ್ರ ಬರೆಯದೆಯೇ, ಅದು ಇರಲೇಬೇಕೆಂದು ಪ್ರಬಲ ಅಲೆಗೂ ಕೆಲವು ಷರತ್ತುಗಳ ಮೇಲೆ ದುರ್ಬಲ ಅಲೆಗೂ ತೋರಿಸಿದರು. 1993ರಲ್ಲಿ ಗಾಸ್ಸರ್ ಮತ್ತು ಸ್ಮೊಲಿಯನ್ ಸ್ನಿಗ್ಧತೆ ತೀರ ಕಡಿಮೆಯಿರುವ ಸಂದರ್ಭವನ್ನು ಜ್ಯಾಮಿತೀಯವಾಗಿ ಬಿಡಿಸಿ, ಬತ್ತಿಯ ಉರಿಯಂಥ ಮಂದ ದಹನವನ್ನೂ ಅದೇ ಚೌಕಟ್ಟಿಗೆ ತಂದರು.

ಈ ಸಾಧನೆಗಳಲ್ಲಿ ಓದುಗರು ಗಮನಿಸಲೇಬೇಕಾದ ಒಂದು ಊಹೆಯಿದೆ: ಒಂದು ತಾಪಕ್ಕಿಂತ ಕೆಳಗೆ ದಹನದರ ಪೂರ್ತಿ ಸೊನ್ನೆ. ಆದರೆ ತಾಪಕ್ಕೆ ತಕ್ಕಂತೆ ಕ್ರಿಯೆಯ ದರವನ್ನು ಹೇಳುವ ಅರ್ಹೇನಿಯಸ್ ನಿಯಮದ ಪ್ರಕಾರ ದರ ಎಂದೂ ಸೊನ್ನೆಯಾಗದು. ಹಸಿ ಆರದ ಹುಲ್ಲಿನ ಬಣವೆಯೊಳಗೆ ಕೈ ಹಾಕಿದವರಿಗೆ ಬಿಸಿ ತಾನಾಗಿ ಹುಟ್ಟುವುದು ಗೊತ್ತು. ಅನಂತ ದೂರದಿಂದ ಬರುವ ಅಲೆಗಾಗಿ ಅನಂತ ಕಾಲ ಕಾಯುವ ಅನಿಲ, ದರ ಎಷ್ಟೇ ಸಣ್ಣದಿರಲಿ, ಅಲೆ ಬರುವಷ್ಟರಲ್ಲಿ ಉರಿದು ಮುಗಿದಿರುತ್ತದೆ. ಹಾಗಾಗಿ ಉರಿಯದ ಸ್ಥಿತಿ ಸ್ಥಿರಬಿಂದುವೇ ಆಗದು. ಇದಕ್ಕೆ ತಣ್ಣನೆ ಅಂಚಿನ ತೊಡಕು ಎನ್ನುತ್ತಾರೆ. ದರವನ್ನು ಕತ್ತರಿಸುವುದು ಗಣಿತದ ಅನುಕೂಲವೆಂದು ಕೆಲವರು ಮೂಗು ಮುರಿಯಬಹುದು. ಬಣವೆ ದಿನಗಟ್ಟಲೆ ಕಾಯುತ್ತದೆ, ಅಲೆಯ ದಹನ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ ಎಂಬ ಅಂತರ ನೋಡಿದರೆ ಅದು ನ್ಯಾಯವಾದದ್ದೇ.

ಕನ್ನಡ ನಾಡಿನಲ್ಲಿ ಈ ಗಣಿತಕ್ಕೆ ಹತ್ತಿರದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫೂಲನ್ ಪ್ರಸಾದ್ ಆಘಾತ ಅಲೆಗಳ ಗಣಿತವನ್ನು ದಶಕಗಳ ಕಾಲ ಬೆಳೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರದ ಆದಿಮೂರ್ತಿ ಮತ್ತು ಜಿ. ಡಿ. ವೀರಪ್ಪ ಗೌಡ ಸಂರಕ್ಷಣಾ ನಿಯಮಗಳ ಅನೇಕ ಪರಿಹಾರಗಳಲ್ಲಿ ಸರಿಯಾದದ್ದನ್ನು ಆರಿಸುವ ಪ್ರಶ್ನೆಯ ಮೇಲೆ ದುಡಿದರು. ದಹನ ಅವರ ವಿಷಯವಲ್ಲ, ಆದರೆ ಮಜ್ದಾ ಮಾದರಿಯಿಂದ ದಹನವನ್ನು ತೆಗೆದರೆ ಉಳಿಯುವುದು ಅವರ ಸಮೀಕರಣಗಳ ಬಗೆಯದೇ.

ಅಲೆ ಇದೆಯೆಂದ ಮಾತ್ರಕ್ಕೆ ಅದು ಬಾಳುತ್ತದೆ ಎಂದಲ್ಲ. ಕೊಳವೆಯ ಒಳಗೋಡೆಗೆ ಮಸಿ ಹಿಡಿಸಿದ ತಗಡು ಇಟ್ಟು ಆಸ್ಫೋಟನವನ್ನು ಹಾಯಿಸಿದರೆ ಮಸಿಯ ಮೇಲೆ ಮೀನಿನ ಹುರುಪೆಯಂಥ ಚೌಕುಳಿ ಮೂಡುತ್ತದೆ: ಸಮತಟ್ಟಾದ ಅಲೆ ಒಡೆದು ಅಡ್ಡ ಆಘಾತಗಳಾಗಿರುವುದರ ಗುರುತು ಅದು. ಕೆಲವು ಅಲೆಗಳು ಓಡುತ್ತಲೇ ಒಮ್ಮೆ ಜೋರು ಒಮ್ಮೆ ಮೆತ್ತಗೆ, ಕುದುರೆಯ ನಾಗಾಲೋಟದ ಹಾಗೆ ಮಿಡಿಯುತ್ತವೆ. ಅಲೆ ಸಮಸ್ಥಿತಿ ತಪ್ಪಿದಾಗ ಇಂಥ ಆವರ್ತಕ ಅಲೆಗಳು ಸಮೀಕರಣದಲ್ಲೇ ಹುಟ್ಟುತ್ತವೆಂದು ಬೆಂಜಮಿನ್ ತೆಕ್ಸಿಯೆ ಮತ್ತು ಕೆವಿನ್ ಝುಂಬ್ರುನ್ 2011ರಲ್ಲಿ ಸಾಧಿಸಿದರು.