ಗ್ಲೈಡರ್ ಎಳೆಕೊಕ್ಕೆ
ಗ್ಲೈಡರನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ಯಲು ಹಗುರ ವಿಮಾನದ ಬಾಲದಲ್ಲಿ ಜೋಡಿಸುವ, ಪೈಲಟ್ ಬೇಕೆಂದಾಗ ಬಿಚ್ಚಬಲ್ಲ ಕೊಕ್ಕೆ. ಅಮೆರಿಕದ ಶ್ವೈಟ್ಜರ್, ಜರ್ಮನಿಯ ಟೋಸ್ಟ್ ಹೆಸರಾದ ಮಾದರಿಗಳು. ಕೊಕ್ಕೆ ಎಷ್ಟೇ ಗಟ್ಟಿಯಿರಲಿ, ಎಳೆತವನ್ನು ಹೊರಬೇಕಾದದ್ದು ವಿಮಾನದ ಮುಖ್ಯ ಚೌಕಟ್ಟು. ಆದ್ದರಿಂದ ಅನುಮೋದಿತ ನಕ್ಷೆಯಂತೆಯೇ ಜೋಡಿಸಬೇಕು. ದೊಡ್ಡ ಅಪಾಯವೆಂದರೆ, ಗ್ಲೈಡರ್ ಗಾಳಿಪಟದಂತೆ ಥಟ್ಟನೆ ಮೇಲೇರಿ ವಿಮಾನದ ಬಾಲವನ್ನೆತ್ತಿ ಮೂತಿಯನ್ನು ನೆಲದತ್ತ ತಿರುಗಿಸುವುದು. ಆ ಮೇಲ್ಮುಖ ಎಳೆತದಲ್ಲಿ ಶ್ವೈಟ್ಜರ್ ಕೊಕ್ಕೆ ಬಿಗಿದುಕೊಂಡು ಬಿಚ್ಚದಿರಬಹುದು. ಅದನ್ನು ತಲೆಕೆಳಗಾಗಿ ಕೂರಿಸುವ ಮಾರ್ಪಾಡು ಬಂದದ್ದು ಇದರಿಂದಲೇ. ಬಿಡುಗಡೆಯ ಹಿಡಿ ತಡಕಾಡದೆ ಕೈಗೆ ಸಿಗಬೇಕು. ಭಾರ ಹೇರಿ ಪರೀಕ್ಷಿಸದ ಕೊಕ್ಕೆಯನ್ನು ನಂಬಬಾರದು. ಅಮೆರಿಕದ ನಿಯಮದಂತೆ ಹಗ್ಗದ ಬಲ ಗ್ಲೈಡರಿನ ಗರಿಷ್ಠ ತೂಕದ ಶೇ. 80ಕ್ಕಿಂತ ಕಡಿಮೆಯಿರಬಾರದು, 2 ಪಟ್ಟು ಮೀರಿದರೆ ಬೇಗ ತುಂಡಾಗುವ ಸುರಕ್ಷಾ ಕೊಂಡಿಗಳು ಕಡ್ಡಾಯ.