ಶಾಲಾ ಆಡಳಿತ ಮತ್ತು ಹೊಣೆಗಾರಿಕೆ: ಪೆರ್ಲ ಪ್ರದೇಶ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕು, ಎಣ್ಮಕಜೆ ಗ್ರಾಮ ಪಂಚಾಯತಿಗೆ ಸೇರಿದ ಪೆರ್ಲ ಮತ್ತು ಅದರ ಆಸುಪಾಸಿನ ಶಾಲೆಗಳನ್ನು ನಡೆಸುವವರು ಯಾರು, ಸುಧಾರಿಸಬೇಕಾದವರು ಯಾರು, ತಪ್ಪಾದಾಗ ಉತ್ತರ ಕೊಡಬೇಕಾದವರು ಯಾರು ಎಂಬುದು ಈ ಲೇಖನದ ವಿಷಯ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಕರ್ನಾಟಕದ ಗಡಿಗೆ ಹತ್ತಿರವಿರುವ ಈ ಪೇಟೆಯ ಶಾಲೆಗಳು ಕುಂಬಳೆ ಶೈಕ್ಷಣಿಕ ಉಪಜಿಲ್ಲೆಗೆ ಒಳಪಟ್ಟಿವೆ. ಅಮೆರಿಕದಲ್ಲಿರುವಂತೆ ಊರವರು ಮತ ಹಾಕಿ ಆರಿಸಿದ ಶಾಲಾ ಮಂಡಳಿ ಇಲ್ಲಿಲ್ಲ. ಅಲ್ಲಿ ಒಂದು ಮಂಡಳಿ ಹೊರುವ ಹೊಣೆ ಇಲ್ಲಿ ಮ್ಯಾನೇಜರ್, ಮುಖ್ಯೋಪಾಧ್ಯಾಯರು, ಉಪಜಿಲ್ಲಾ ಶಿಕ್ಷಣಾಧಿಕಾರಿ, ಪಂಚಾಯತಿ, ರಕ್ಷಕ-ಶಿಕ್ಷಕ ಸಂಘ ಮತ್ತು ಶಾಲಾ ನಿರ್ವಹಣಾ ಸಮಿತಿಗಳ ನಡುವೆ ಹಂಚಿಹೋಗಿದೆ.

ಈ ಭಾಗದಲ್ಲಿ ಅನುದಾನಿತ ಶಾಲೆಗಳ ಪಾಲು ದೊಡ್ಡದು. ಪೆರ್ಲದ ಶ್ರೀ ಸತ್ಯನಾರಾಯಣ ಪ್ರೌಢಶಾಲೆ, ಶೇಣಿಯ ಶ್ರೀ ಶಾರದಾಂಬಾ ಶಾಲೆ, ಸ್ವರ್ಗದ ಸ್ವಾಮಿ ವಿವೇಕಾನಂದ ಎ.ಯು.ಪಿ. ಶಾಲೆ ಇವೆಲ್ಲ ಆ ಬಗೆಯವು. ಬೋರ್ಡಿನಲ್ಲಿ ಎ.ಎಲ್.ಪಿ., ಎ.ಯು.ಪಿ. ಎಂದಿದ್ದರೆ ಮೊದಲಿನ ‘ಎ’ ಅನುದಾನಿತ ಎಂಬುದರ ಗುರುತು; ಎಲ್.ಪಿ. ಎಂದರೆ ಕಿರಿಯ ಪ್ರಾಥಮಿಕ, ಯು.ಪಿ. ಎಂದರೆ ಹಿರಿಯ ಪ್ರಾಥಮಿಕ. ಕಟ್ಟಡ, ಜಾಗ ಮ್ಯಾನೇಜರರದು, ಸಂಬಳ ಸರಕಾರದ್ದು, ಮಕ್ಕಳು ಊರವರು. ಇಲ್ಲಿನ ಹೊಣೆಗಾರಿಕೆಯ ಚರ್ಚೆ ಯಾವ ದಾರಿ ಹಿಡಿದರೂ ಕೊನೆಗೆ ಈ ಮೂರು ತುದಿಗಳ ನಡುವೆಯೇ ಸುತ್ತುತ್ತದೆ.

ಹಿನ್ನೆಲೆ

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆಗಳು ‘ಬೋರ್ಡು ಶಾಲೆ’ಗಳು; ಹಳೆಯ ತಲೆಮಾರಿನವರ ಬಾಯಲ್ಲಿ ಆ ಹೆಸರು ಬಹಳ ಕಾಲ ಉಳಿಯಿತು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯಿದೆ ಜಿಲ್ಲಾ ಶಿಕ್ಷಣ ಮಂಡಳಿಗಳನ್ನು ಹುಟ್ಟುಹಾಕಿತು. ಖಾಸಗಿ ಶಾಲೆಗಳ ಮಾನ್ಯತೆ, ಅನುದಾನಗಳ ವಿಚಾರ ಅವುಗಳ ಮುಂದೆ ಬರುತ್ತಿತ್ತು. ಬೋರ್ಡಿನ ಕೈ ತಲುಪದ ಒಳನಾಡಿನಲ್ಲಿ ಶಾಲೆ ಕಟ್ಟಿದವರು ಭೂಮಾಲಕರು, ದೇವಸ್ಥಾನಕ್ಕೆ ಸಂಬಂಧಪಟ್ಟವರು, ಕೆಲವೆಡೆ ಸ್ವತಃ ಮೇಷ್ಟ್ರುಗಳು. ಮೇಷ್ಟ್ರೇ ಮ್ಯಾನೇಜರ್ ಆಗಿರುವ ಶಾಲೆ ಆ ಕಾಲದ ಮಲಬಾರು, ದಕ್ಷಿಣ ಕನ್ನಡಗಳಲ್ಲಿ ಹೊಸತೇನಲ್ಲ. ಅನುದಾನ ಮ್ಯಾನೇಜರರ ಕೈಸೇರಿ ಅಲ್ಲಿಂದ ಅಧ್ಯಾಪಕರಿಗೆ ಹೋಗಬೇಕಿತ್ತು. ಎಷ್ಟು ಹೋಗುತ್ತಿತ್ತು, ಯಾವಾಗ ಹೋಗುತ್ತಿತ್ತು ಎಂಬುದು ಮ್ಯಾನೇಜರರ ಮನಸ್ಸಿಗೆ ಬಿಟ್ಟ ಮಾತಾಗಿತ್ತು.

ಕೇರಳ ಶಿಕ್ಷಣ ಕಾಯಿದೆ

ರಾಜ್ಯ ರೂಪುಗೊಂಡ ಮರುವರ್ಷವೇ, ಇ.ಎಂ.ಎಸ್. ನಂಬೂದಿರಿಪಾಡರ ಸರಕಾರದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಕೇರಳ ಶಿಕ್ಷಣ ಮಸೂದೆ ತಂದರು. ಪೆರ್ಲದ ಒಂದು ಸಣ್ಣ ಎಲ್.ಪಿ. ಶಾಲೆಯ ಇಂದಿನ ದಿನಚರಿಯನ್ನು ತಿಳಿಯಬೇಕಾದರೂ ಈ ಮಸೂದೆಯ ಕಥೆ ಗೊತ್ತಿರಬೇಕು. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲಾಗಿದೆ.

ಮಸೂದೆಯ ತಿರುಳು ಎರಡು. ಒಂದು, ಸಂಬಳವನ್ನು ಸರಕಾರವೇ ಅಧ್ಯಾಪಕರಿಗೆ ತಲುಪಿಸುವುದು. ಎರಡು, ಅನುದಾನಿತ ಶಾಲೆಗೂ ಲೋಕಸೇವಾ ಆಯೋಗದ ಪಟ್ಟಿಯಿಂದಲೇ ಅಧ್ಯಾಪಕರನ್ನು ತೆಗೆದುಕೊಳ್ಳುವುದು. ರಾಷ್ಟ್ರಪತಿ ಇದನ್ನು ಸುಪ್ರೀಂ ಕೋರ್ಟಿನ ಸಲಹೆಗೆ ಕಳುಹಿಸಿದರು. 1958ರ ಮೇ 22ರಂದು ಬಂದ ಅಭಿಪ್ರಾಯ ಭಾರತದ ಶಿಕ್ಷಣ ಕಾನೂನಿಗೇ ಬುನಾದಿ. ಶಾಲೆಯನ್ನು ವಶಪಡಿಸಿಕೊಳ್ಳುವ ಕಲಮುಗಳನ್ನು ಅಲ್ಪಸಂಖ್ಯಾತರ ಶಾಲೆಗಳ ಮೇಲೆ ಹೇರುವುದು ಸಂವಿಧಾನದ 30ನೇ ವಿಧಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಿತು. ಆಡಳಿತ ನಡೆಸುವ ಹಕ್ಕಿನೊಳಗೆ ದುರಾಡಳಿತದ ಹಕ್ಕು ಸೇರುವುದಿಲ್ಲವೆಂದೂ ಹೇಳಿತು. 30ನೇ ವಿಧಿ ಧರ್ಮದ ಅಲ್ಪಸಂಖ್ಯಾತರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಭಾಷಾ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಗಡಿನಾಡ ಕನ್ನಡಿಗರು ಈ ಮಾತನ್ನು ಮರೆಯಬಾರದು.

ತಿದ್ದಿದ ಕಾಯಿದೆ 1959ರ ಜೂನ್ 1ರಂದು ಜಾರಿಗೆ ಬಂತು. ಅದೇ ವರ್ಷ ಜುಲೈ 31ರಂದು ಸರಕಾರ ವಜಾಗೊಂಡಿತು. 1960ರ ತಿದ್ದುಪಡಿಯಿಂದ ನೇಮಕದ ಅಧಿಕಾರ ಮತ್ತೆ ಮ್ಯಾನೇಜರರಿಗೆ ಸಿಕ್ಕಿತು. ಸಂಬಳ ಖಜಾನೆಯಿಂದ, ನೇಮಕ ಮ್ಯಾನೇಜರರಿಂದ ಎಂಬ ಅರ್ಧ ಸುಧಾರಣೆ ಅಲ್ಲಿಗೇ ನಿಂತು ಇಂದಿಗೂ ಹಾಗೆಯೇ ಇದೆ.

ಕಾಯಿದೆ ಮ್ಯಾನೇಜರರ ಮೇಲೆ ಹೊರಿಸಿದ ಕರ್ತವ್ಯಗಳು ಕಡಿಮೆಯೇನಲ್ಲ. ಶಾಲೆ ಕಾಯಿದೆ, ನಿಯಮಗಳ ಪ್ರಕಾರ ನಡೆಯುವಂತೆ ನೋಡಿಕೊಳ್ಳಬೇಕು, ದಾಖಲೆ ಮತ್ತು ಲೆಕ್ಕ ಇಡಬೇಕು, ಅನುಮತಿ ಇಲ್ಲದೆ ಶಾಲೆಯ ಆಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಶಾಲೆ ಮುಚ್ಚಬೇಕಾದರೆ ಮೇ 31ಕ್ಕೆ ಮುಗಿಯುವಂತೆ ಒಂದು ವರ್ಷದ ನೋಟೀಸು ಕೊಡಬೇಕು. ಕೋಝಿಕ್ಕೋಡಿನ ಮಲಾಪರಂಬ ಶಾಲೆಯ ಮ್ಯಾನೇಜರ್ ಈ ಕಲಮನ್ನೇ ಹಿಡಿದು ಶಾಲೆ ಮುಚ್ಚಹೊರಟಾಗ ಊರವರು ತಿರುಗಿಬಿದ್ದರು. 2016ರಲ್ಲಿ ಸರಕಾರ ಅದನ್ನೂ ಇನ್ನು ಮೂರು ಶಾಲೆಗಳನ್ನೂ ವಹಿಸಿಕೊಂಡಿತು. ಕಲಿಕೆ ಕುಸಿದರೆ ಮ್ಯಾನೇಜರ್ ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗೆ ಮಾತ್ರ ಕಾಯಿದೆಯಲ್ಲಿ ನೇರ ಉತ್ತರ ಸಿಗುವುದಿಲ್ಲ. ಅದು ಆಸ್ತಿ ಮತ್ತು ನೇಮಕಗಳ ಕಾಯಿದೆ. ಓದು ಬರಹದ ಮಟ್ಟದ ಬಗ್ಗೆ ಅದು ಹೆಚ್ಚು ಮಾತಾಡುವುದಿಲ್ಲ.

ಆರನೇ ದಿನದ ಗಣತಿ

ಜೂನ್ ತಿಂಗಳ ಮಳೆಯಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ವರ್ಷದ ಹುದ್ದೆಗಳು ನಿರ್ಧಾರವಾಗುವುದು ಈ ಎಣಿಕೆಯ ಮೇಲೆ. ಎಲ್.ಪಿ.ಯಲ್ಲಿ 30 ಮಕ್ಕಳಿಗೊಬ್ಬರು, ಯು.ಪಿ.ಯಲ್ಲಿ 35ಕ್ಕೊಬ್ಬರು ಎಂಬುದು ಶಿಕ್ಷಣ ಹಕ್ಕು ಕಾಯಿದೆಯ ಅನುಪಾತ. ಅಂಚಿನಲ್ಲಿರುವ ತರಗತಿಯಿಂದ ಒಂದೆರಡು ಮಕ್ಕಳು ಗಡಿಯಾಚೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತಿದರೆ ಒಂದು ಡಿವಿಜನ್ ಬೀಳಬಹುದು, ಅದರೊಂದಿಗೆ ಒಬ್ಬರ ಕೆಲಸವೂ ಹೋಗಬಹುದು. ಹಾಗೆ ಹೊರಬಿದ್ದವರಿಗೆ ಮತ್ತೆ ಹುದ್ದೆ ತೆರವಾದಾಗ ಮೊದಲ ಹಕ್ಕು ಕೊಡುವುದು ಕೇರಳ ಶಿಕ್ಷಣ ನಿಯಮಗಳ 14-ಎ ಅಧ್ಯಾಯದ 51-ಎ ನಿಯಮ. ಅಧ್ಯಾಪಕರ ಕೋಣೆಯಲ್ಲಿ ಈ ನಿಯಮದ ಸಂಖ್ಯೆ ಗೊತ್ತಿಲ್ಲದವರು ಸಿಗಲಾರರು.

ಎಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಅಧ್ಯಾಪಕಿಯರು ಕೊಡೆ ಹಿಡಿದು ಮನೆಮನೆ ಹತ್ತಿ ಒಂದನೇ ತರಗತಿಗೆ ಮಕ್ಕಳನ್ನು ಕೇಳುವುದು ಈ ಕಾರಣಕ್ಕೇ. ಕಾನೂನು ಬರೆದವರ ಉದ್ದೇಶ ಇದಲ್ಲದಿರಬಹುದು. ಆದರೆ ಹೆತ್ತವರಿಗೆ ಶಾಲೆ ಪ್ರತಿವರ್ಷ ತಪ್ಪದೆ ಉತ್ತರ ಹೇಳುವ ಜಾಗವೆಂದರೆ ಆ ಮನೆಯ ಚಾವಡಿ.

ಶಾಲಾ ನಿರ್ವಹಣಾ ಸಮಿತಿ

2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮು, ಅನುದಾನವಿಲ್ಲದ ಖಾಸಗಿ ಶಾಲೆಗಳನ್ನು ಬಿಟ್ಟು ಉಳಿದೆಲ್ಲ ಕಡೆ ಶಾಲಾ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿತು. ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರು, ಅರ್ಧ ಪಾಲು ಮಹಿಳೆಯರು. ಶಾಲೆಯ ಕೆಲಸ ಗಮನಿಸುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ನೋಡುವುದು ಇದರ ಕೆಲಸ. ಭಾರತದಲ್ಲಿ ಶಾಲಾ ಮಂಡಳಿಯ ಕಲ್ಪನೆಗೆ ಅತ್ಯಂತ ಹತ್ತಿರ ಬಂದದ್ದು ಇದೇ.

2012ರ ತಿದ್ದುಪಡಿ ಇದರ ಬಲವನ್ನು ಅರ್ಧಕ್ಕಿಳಿಸಿತು. ಅಲ್ಪಸಂಖ್ಯಾತರ ಶಾಲೆಗಳಲ್ಲೂ ಅನುದಾನಿತ ಶಾಲೆಗಳಲ್ಲೂ ಸಮಿತಿ ಸಲಹೆ ಮಾತ್ರ ಕೊಡಬಹುದು. ಅಭಿವೃದ್ಧಿ ಯೋಜನೆ ತಯಾರಿಸುವ ಕಡ್ಡಾಯವೂ ಆ ಶಾಲೆಗಳ ಸಮಿತಿಗಿಲ್ಲ. ಪೆರ್ಲದಂತಹ ಊರಿಗೆ ಇದರ ಅರ್ಥ ಸ್ಪಷ್ಟ. ಅನುದಾನಿತ ಶಾಲೆಯೇ ಹತ್ತಿರದ ಶಾಲೆಯಾಗಿರುವಲ್ಲಿ ಹೆತ್ತವರ ಸಮಿತಿಗೆ ಬಾಯಿ ಇದೆ, ಕೈ ಇಲ್ಲ. ಈ ಲೇಖಕರ ಅಭಿಪ್ರಾಯದಲ್ಲಿ ಇದು ಆ ತಿದ್ದುಪಡಿಯ ಅತಿ ದೊಡ್ಡ ಕೊರತೆ. ಸಂಬಳ ಸಾರ್ವಜನಿಕರ ಹಣದಿಂದ ಬರುವಾಗ ಲೆಕ್ಕ ಕೇಳುವ ಹಕ್ಕೂ ಸಾರ್ವಜನಿಕರದ್ದಾಗಬೇಕು.

ಸರಕಾರಿ ಶಾಲೆಗಳ ಮಾತು ಬೇರೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ನಂತರ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿಗೆ, ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿಗೆ ಬಂದವು. ಗಡಿಯಾಚೆ ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಇದೆ, ಅದೂ ಸರಕಾರಿ ಶಾಲೆಗಳಿಗೆ ಮಾತ್ರ. ಪೆರ್ಲದಲ್ಲಿರುವ ಎಣ್ಮಕಜೆ ಪಂಚಾಯತಿಯ ಬಡ್ಸ್ ಶಾಲೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಈ ಪಂಚಾಯತಿಯಲ್ಲಿ, ಬೌದ್ಧಿಕ ತೊಂದರೆಯಿರುವ ಮಕ್ಕಳಿಗಾಗಿ ಇರುವ ಆ ಶಾಲೆಗೆ ಪಂಚಾಯತಿಯೇ ಮ್ಯಾನೇಜರ್. ಅಲ್ಲಿ ಏನಾದರೂ ಕಡಿಮೆಯಾದರೆ ಯಾರನ್ನು ಕೇಳಬೇಕೆಂಬುದು ಪ್ರತಿ ತಾಯಿಗೂ ಗೊತ್ತು.

ರಕ್ಷಕ-ಶಿಕ್ಷಕ ಸಂಘ

ಈ ಸಂಘಕ್ಕೆ ಕಾಗದದ ಅಧಿಕಾರ ಕಡಿಮೆ, ನಿಜದ ಕೆಲಸ ಹೆಚ್ಚು. ಮಹಾಸಭೆಯ ನೋಟೀಸು ಮಕ್ಕಳ ಡೈರಿಯಲ್ಲಿ ಬರುತ್ತದೆ. ಬೆಂಚುಗಳಲ್ಲಿ ತಾಯಂದಿರೇ ಹೆಚ್ಚು; ಮಾತು ತುಳುವಿನಲ್ಲಿ, ಹವ್ಯಕದಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ. ವರದಿ, ಲೆಕ್ಕ ಓದಿ, ಚಪ್ಪಾಳೆಯಿಂದ ಅಂಗೀಕರಿಸಿ, ಅಧ್ಯಕ್ಷರನ್ನು ಆರಿಸಿ, ಚಾ ಕುಡಿದು ಏಳುತ್ತಾರೆ. ಮಧ್ಯಾಹ್ನದ ಊಟದ ತರಕಾರಿ, ಸೋರುವ ಮಾಡಿನ ಹಂಚು, ವಾರ್ಷಿಕೋತ್ಸವದ ಪೆಂಡಾಲು ಇವೆಲ್ಲ ಈ ಸಂಘದ ಮೇಲೆಯೇ ಬೀಳುತ್ತವೆ. ಮಕ್ಕಳ ಓದಿನ ವಿಚಾರ ಸಭೆಯ ಕೊನೆಗೆ ಬರುತ್ತದೆ, ಆಗ ಹೊತ್ತಾಗಿರುತ್ತದೆ. ಅದನ್ನು ಮೊದಲಿಗೆ ತಂದರೆ ಅರ್ಧ ಸುಧಾರಣೆ ಆದ ಹಾಗೆ.

ಭಾಷೆಯ ಪ್ರಶ್ನೆ

ಲೋಕಸೇವಾ ಆಯೋಗದ ಮೂಲಕ ಕನ್ನಡ ಬಾರದ ಅಧ್ಯಾಪಕರು ಕಾಸರಗೋಡಿನ ಕೆಲವು ಕನ್ನಡ ಮಾಧ್ಯಮ ಸರಕಾರಿ ಶಾಲೆಗಳಿಗೆ ಬಂದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದರು. 2018ರ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರದಿಂದ ಈ ಸಂಕಟ ಕರ್ನಾಟಕದವರಿಗೂ ತಿಳಿಯಿತು. ಅನುದಾನಿತ ಶಾಲೆಗಳಲ್ಲಿ ನೇಮಕ ಊರಿನ ಮ್ಯಾನೇಜರರ ಕೈಯಲ್ಲಿರುವುದರಿಂದ ಈ ತೊಂದರೆ ಬಹುಮಟ್ಟಿಗೆ ತಲೆದೋರಲಿಲ್ಲ. ಲೆಕ್ಕ ಕೇಳುವವರಿಗೆ ಅಡ್ಡಿಯಾದ ಅದೇ ಅಧಿಕಾರ ಕನ್ನಡಕ್ಕೆ ಆಸರೆಯಾಗಿದೆ. ನೇಮಕವನ್ನು ಪೂರ್ತಿ ಆಯೋಗಕ್ಕೆ ಒಪ್ಪಿಸಬೇಕೆನ್ನುವವರು ಈ ಸತ್ಯವನ್ನು ಎದುರಿಟ್ಟುಕೊಂಡೇ ಮಾತಾಡಬೇಕು. ಕನ್ನಡ ಕಲಿತವರ ಪ್ರತ್ಯೇಕ ಪಟ್ಟಿ ಗಟ್ಟಿಯಾಗದೆ ಆ ಬದಲಾವಣೆ ಇಲ್ಲಿನ ಮಕ್ಕಳಿಗೆ ನಷ್ಟ.

ಸುತ್ತೋಲೆಗಳು ತಿರುವನಂತಪುರದಿಂದ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಸಮಿತಿಯ ಸದಸ್ಯೆಗೆ ಆದೇಶವೇ ಓದಲು ಬಾರದಿದ್ದರೆ ಅವಳ ಸದಸ್ಯತ್ವ ಸಹಿ ಹಾಕುವಲ್ಲಿಗೆ ಮುಗಿಯುತ್ತದೆ. ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವನ್ನೂ ಕಚೇರಿ ಕನ್ನಡದಲ್ಲೇ ಕೊಡಬೇಕು.