ಸೊಳ್ಳೆ ಬಿದ್ದ ನೀರು ಕುಡಿದರೆ ಮಲೇರಿಯಾ ಬರುತ್ತದೆಯೇ? ಉತ್ತರ ಸಿಕ್ಕಿದ್ದು ಪತ್ರಗಳಲ್ಲಿ

ಸೊಳ್ಳೆ ಬಿದ್ದ ನೀರು ಕುಡಿದರೆ ಮಲೇರಿಯಾ ಬರುತ್ತದೆ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದು ತಪ್ಪು. ಆದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ದೊಡ್ಡ ವೈದ್ಯರೊಬ್ಬರೂ ಹೀಗೇ ನಂಬಿದ್ದರು.

ಊಹೆ ಯಾರದು?

ಮಲೇರಿಯಾ ಎಂಬ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ 'ಕೆಟ್ಟ ಗಾಳಿ' ಎಂದರ್ಥ. ಜೌಗು ಪ್ರದೇಶದ ಗಾಳಿಯಿಂದಲೇ ಜ್ವರ ಬರುತ್ತದೆ ಎಂದು ಜನ ತಿಳಿದಿದ್ದರು. 1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಲವರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿಯನ್ನು ಕಂಡರು. ಅದು ದೇಹಕ್ಕೆ ಹೇಗೆ ಸೇರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಮೊದಲೇ ಚೀನಾದಲ್ಲಿ ಕಂಡಿದ್ದರು. ಮಲೇರಿಯಾಕ್ಕೂ ಸೊಳ್ಳೆಯೇ ವಾಹಕ ಎಂದು ಅವರು ಊಹಿಸಿದರು. ಸೊಳ್ಳೆ ಮೊಟ್ಟೆಯಿಟ್ಟು ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ತಗಲುತ್ತದೆ ಎಂಬುದು ಅವರ ವಾದ.

ಪತ್ರಗಳಲ್ಲಿ ನಡೆದ ಸಂಶೋಧನೆ

ಭಾರತದಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ 1894ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಸನ್ನರನ್ನು ಭೇಟಿಯಾದರು. ಮುಂದಿನ ವರ್ಷ ಸಿಕಂದರಾಬಾದಿಗೆ ಮರಳಿದ ಮೇಲೆ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಓಡಾಡಿದವು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ರಾಸ್ ಬರೆದು ಕಳಿಸುತ್ತಿದ್ದರು. ಮ್ಯಾನ್ಸನ್ ಸಲಹೆ ಕೊಡುತ್ತಿದ್ದರು.

ರಾಸ್ ಗುರುವಿನ ಮಾತನ್ನು ಪರೀಕ್ಷೆಗೆ ಒಡ್ಡಿದರು. ರೋಗಿಯ ರಕ್ತ ಹೀರಿದ ಸೊಳ್ಳೆಗಳು ಸತ್ತ ನೀರನ್ನು ಕೆಲವರಿಗೆ ಕುಡಿಸಿದರು (ಇಂದು ಇಂಥ ಪ್ರಯೋಗಕ್ಕೆ ಅನುಮತಿ ಸಿಗದು). ನೀರಿನ ವಾದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿ ಬೆಳೆಯುತ್ತಿರುವುದು ರಾಸ್ ಕಣ್ಣಿಗೆ ಬಿತ್ತು. 1898ರಲ್ಲಿ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾ ಅಧ್ಯಯನ ಮಾಡುವಾಗ ಅದು ಸೊಳ್ಳೆಯ ಜೊಲ್ಲು ಗ್ರಂಥಿಯಲ್ಲಿ ಸಿಕ್ಕಿತು. ಅಂದರೆ ರೋಗ ಹರಡುವುದು ನೀರಿನಿಂದಲ್ಲ, ಕಡಿತದಿಂದ! ಮ್ಯಾನ್ಸನ್ ತಮ್ಮ ನೀರಿನ ವಾದಕ್ಕೆ ಅಂಟಿಕೊಳ್ಳದೆ, ಎಡಿನ್‌ಬರೋದ ವೈದ್ಯರ ಸಭೆಯಲ್ಲಿ ಶಿಷ್ಯನ ಫಲಿತಾಂಶವನ್ನು ತಾವೇ ಪ್ರಕಟಿಸಿದರು. ಅದೇ ವರ್ಷ ಇಟಲಿಯ ಪ್ರಾಣಿವಿಜ್ಞಾನಿ ಗ್ರಾಸ್ಸಿ, ವೈದ್ಯರಾದ ಬಿನ್ಯಾಮಿ ಮತ್ತು ಬಾಸ್ಟಿಯನೆಲ್ಲಿ ಜೊತೆಗೂಡಿ, ಮನುಷ್ಯರಿಗೂ ಅನಾಫಿಲಿಸ್ ಕಡಿತದಿಂದಲೇ ಮಲೇರಿಯಾ ಬರುತ್ತದೆ ಎಂದು ತೋರಿಸಿದರು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು.

ನಮಗೇನು ಪಾಠ?

ನೀರಿಗೂ ಮಲೇರಿಯಾಕ್ಕೂ ಸಂಬಂಧವಿದೆ, ಆದರೆ ಕುಡಿಯುವುದರಿಂದಲ್ಲ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. 1880ರ ದಶಕದಲ್ಲಿ ಬೆಂಗಳೂರಿನಲ್ಲಿದ್ದಾಗ ರಾಸ್ ಮನೆಯ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರು ಚೆಲ್ಲಿಸಿ ಸೊಳ್ಳೆ ಕಾಟ ತಗ್ಗಿಸಿಕೊಂಡಿದ್ದರು. ನೀವೂ ಡ್ರಮ್, ತೊಟ್ಟಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಸಂಪು, ಟ್ಯಾಂಕ್ ಮುಚ್ಚಿಡಿ. ರಾತ್ರಿ ಸೊಳ್ಳೆ ಪರದೆ ಕಟ್ಟಿ. ಚಳಿಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ.

ಕುದಿಸಿದ ನೀರು ಕುಡಿಯುವುದು ಒಳ್ಳೆಯದೇ. ಆದರೆ ಅದೊಂದನ್ನೇ ನಂಬಿ ಪರದೆ ಬಿಟ್ಟರೆ ಮಲೇರಿಯಾ ತಪ್ಪುವುದಿಲ್ಲ.